ಅರ್ಥ ಮಾತ್ರ ಉಳಿದ ಪಟ್ಟಿ

ಏಳು ಸಾಲು ಅಳಿಸಬೇಕಿತ್ತು. ಅಳಿಸಿ ಹೋದದ್ದು ಎರಡು ಸಾವಿರದ ಮುನ್ನೂರ ಹದಿನಾರು.

ಪರದೆಯ ಕೆಳಮೂಲೆಯಲ್ಲಿ ಆ ಸಂಖ್ಯೆ ಸಣ್ಣ ಬೂದು ಅಕ್ಷರಗಳಲ್ಲಿ ಬಂದು ಕೂತಿತ್ತು. ಕೋಡ್ ಬರೆಯಲು ಬಳಸುವ ಎಡಿಟರ್ ತಂತ್ರಾಂಶ ಅದನ್ನೊಂದು ದೊಡ್ಡ ಸಂಗತಿ ಎಂದು ಎಣಿಸಿದಂತೆಯೂ ಕಾಣಲಿಲ್ಲ. ಶುಕ್ರವಾರ, ಮಧ್ಯಾಹ್ನ ನಾಲ್ಕು ಗಂಟೆ. ದೂಜಾ ಮೊದಲು ನಂಬಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಮ್ಮೆ ಓದಿದಳು. ಆಮೇಲೆ ಡೇಟಾಬೇಸಿನಲ್ಲಿ ಆ ಸಾಲುಗಳಿದ್ದ ಟೇಬಲನ್ನೇ, ಅಂದರೆ ಪಟ್ಟಿಯನ್ನೇ, ತೆರೆದು ನೋಡಿದಳು. ಖಾಲಿ. ಪಕ್ಕದಲ್ಲಿದ್ದ ಚಹಾ ಆರಿ ತಣ್ಣಗಾಗುವವರೆಗೂ ಆ ಖಾಲಿ ಚೌಕವನ್ನೇ ನೋಡುತ್ತ ಕೂತಳು.

ಆ ಟೇಬಲಿನಲ್ಲಿದ್ದದ್ದು ಮಾತುಗಳು. ಗೆಲ್ಲಾಲಾ ಎಂಬ ಊರಿನ ಮೇಲಿನ ಕೇರಿಯ ಮುದುಕಿಯರು ಮನೆಯ ಗೋಡೆಯೊಳಗೆ ಆಡಿಕೊಂಡು ಬಂದ, ಆ ನೆಲದಲ್ಲಿ ಅರಬ್ಬಿಗಿಂತ ಹಳೆಯದಾದ ಅಮಾಝಿಗ್ ನುಡಿಯ ಮಾತುಗಳು. ಜೆರ್ಬಾ ದ್ವೀಪದಲ್ಲಿ ಹೊಸಿಲು ದಾಟಿದರೆ ಎಲ್ಲರದೂ ಅರಬ್ಬಿಯೇ. ಅಂಗಡಿ, ಶಾಲೆ, ಮಸೀದಿ, ಜಗಳ ಎಲ್ಲ ಅರಬ್ಬಿಯಲ್ಲೇ. ಆ ಇನ್ನೊಂದು ಮಾತು ಅಂಗಳದಲ್ಲಿ ಉಳಿದಿತ್ತು, ಮಗ್ಗದ ಮುಂದೆ ಉಳಿದಿತ್ತು, ತೊಟ್ಟಿಲ ಬಳಿ ಉಳಿದಿತ್ತು. ಅದನ್ನು ಕೂಡಿಸಿದವರು ಸಿ ಸ್ಲಿಮಾನ್; ಸಿ ಎಂದರೆ ಅಲ್ಲಿ ಶ್ರೀಯುತರು ಎಂದ ಹಾಗೆ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು, ಈಗ ಎಪ್ಪತ್ತೆಂಟು. ಮಸೀದಿಯಲ್ಲಿ ಬಾಂಗು ಕೂಗುವವನ ಉಚ್ಚಾರವನ್ನೂ ತಿದ್ದುವ ಮನುಷ್ಯ. ದೂಜಾಳಿಗೆ ಒಂದರಿಂದ ಆರನೇ ತರಗತಿವರೆಗೆ ಅಕ್ಷರ ತಿದ್ದಿಸಿದವರೂ ಅವರೇ. ಇಪ್ಪತ್ತಾರು ವರ್ಷ ಅವರು ಹನ್ನೊಂದು ಮುದುಕಿಯರ ಅಂಗಳದಲ್ಲಿ ಕೂತು, ಬೈಸಿಕೊಂಡು, ಬಾರ್ಲಿ ಹಿಟ್ಟಿನ ಉಂಡೆ ತಿಂದು, ಒಂದೊಂದೇ ಮಾತನ್ನು ಬರೆದುಕೊಂಡಿದ್ದರು. ಆ ಹನ್ನೊಂದರಲ್ಲಿ ಈಗ ಬದುಕಿರುವುದು ಒಬ್ಬಳು, ಊರೆಲ್ಲ ಅಮ್ಮ ಎನ್ನುವ ಅರ್ಥದಲ್ಲಿ ಉಮ್ಮಿ ಎಂದು ಕರೆಯುವ ಉಮ್ಮಿ ಮೆನ್ನಾನಾ.

ಧ್ವನಿಮುದ್ರಣ ಯಾಕೆ ಮಾಡಲಿಲ್ಲ ಎಂದು ಹೊರಗಿನವರು ಕೇಳುತ್ತಾರೆ. ಕೇಳುವುದು ಸುಲಭ. ಮೇಲಿನ ಕೇರಿಯ ಹೆಂಗಸರು ತಮ್ಮ ದನಿಯನ್ನು ಬೇರೆ ಗಂಡಸರು ಕೇಳುವ ಹಾಗೆ ಯಂತ್ರದಲ್ಲಿಡಲು ಒಪ್ಪುವವರಲ್ಲ. ಸತ್ತ ಮೇಲೆ ನನ್ನ ದನಿ ಯಾರ್ಯಾರದೋ ಕಿವಿಯಲ್ಲಿ ಅಲೆಯೋದು ಬೇಡ ಎಂದು ಉಮ್ಮಿ ಮೆನ್ನಾನಾ ಒಮ್ಮೆ ಖಡಾಖಂಡಿತವಾಗಿ ಹೇಳಿದ್ದಳು. ಬರೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಬರೆದದ್ದಕ್ಕೆ ಗಂಟಲಿಲ್ಲವಲ್ಲ. ಹಾಗಾಗಿ ಸಿ ಸ್ಲಿಮಾನ್ ಅರಬ್ಬಿ ಅಕ್ಷರದಲ್ಲಿ ತಾವೇ ಕಟ್ಟಿಕೊಂಡ ಚುಕ್ಕೆ ಗೆರೆಗಳೊಂದಿಗೆ ಬರೆಯುತ್ತಿದ್ದರು. ನಾಲ್ಕು ನೋಟುಬುಕ್ಕು ತುಂಬುವ ಹೊತ್ತಿಗೆ ಬಲಗೈ ನಡುಗಲು ಶುರುವಾಯಿತು. ಪೆನ್ನು ಹಿಡಿದರೆ ಅಕ್ಷರದ ಬದಲು ಇರುವೆ ಓಡಾಡಿದಂತೆ ಆಗುತ್ತಿತ್ತು.

ಆಗ ಬಂದವಳು ದೂಜಾ. ದ್ವೀಪದ ಮುಖ್ಯ ಪೇಟೆಯಾದ ಹೂಮ್ತ್ ಸೂಕ್‌ನಲ್ಲಿ ಒಂದು ಕೋಣೆ ಮಾಡಿಕೊಂಡು, ಕಡಲಾಚೆಯ ನಗರ ಸ್ಫಾಕ್ಸ್‌ನ ಕಂಪನಿಯೊಂದಕ್ಕೆ ಕೋಡ್ ಬರೆಯುವ ಹುಡುಗಿ. ಹುಡುಗಿ ಎಂದರೂ ಮೂವತ್ತನಾಲ್ಕು. ಅಜ್ಜಿ ಆ ಮಾತನ್ನು ಆಡುತ್ತಿದ್ದಳು, ಅಮ್ಮನಿಗೆ ಅರ್ಥವಾಗುತ್ತಿತ್ತು, ಇವಳಿಗೆ ಅದೂ ಇಲ್ಲ. ಆ ನಾಚಿಕೆಯೇ ಅವಳನ್ನು ಮೇಷ್ಟ್ರ ಅಂಗಳಕ್ಕೆ ಕರೆತಂದಿತು ಅಂದರೆ ತಪ್ಪಿಲ್ಲ. ಮೇಷ್ಟ್ರಿಗೊಂದು ಲ್ಯಾಪ್‌ಟಾಪ್ ಕೊಟ್ಟಳು, ನಡುಗುವ ಬೆರಳಿಗೂ ಸಿಗುವಷ್ಟು ದೊಡ್ಡ ಗುಂಡಿಗಳಿರುವ ಪರದೆ ಮಾಡಿಕೊಟ್ಟಳು, ಅವರ ಚುಕ್ಕೆ ಗೆರೆಗಳನ್ನೆಲ್ಲ ಅದರಲ್ಲಿ ತಂದಳು. ಮಾತು ಒಂದು ಟೇಬಲಿನಲ್ಲಿ, ಅದರ ಅರಬ್ಬಿ ಅರ್ಥ ಇನ್ನೊಂದು ಟೇಬಲಿನಲ್ಲಿ, ನಡುವೆ ಒಂದು ಸಂಖ್ಯೆಯ ಕೊಂಡಿ. ಆದರೂ ಒಂದು ಪ್ರತಿ ಕಾಗದದಲ್ಲಿರಲಿ ಎಂದು ಮೇಷ್ಟ್ರು ಹೇಳಿದ್ದರು. ಕಾಗದ ನೆನೆಯುತ್ತೆ, ಇಲಿ ತಿನ್ನುತ್ತೆ, ಇಲ್ಲಿ ಸೇರಿದ್ದು ಎಲ್ಲಿಗೂ ಹೋಗಲ್ಲ ಎಂದು ದೂಜಾ ಭರವಸೆ ಕೊಟ್ಟಳು. ಆರು ವರ್ಷದಿಂದ ಒಂದು ಹಾಳೆಯೂ ಇಲ್ಲ.

ಇನ್ನು ಶುಕ್ರವಾರದ ತಪ್ಪು. ಇದನ್ನು ಬಿಡಿಸಿ ಹೇಳಬೇಕು. ಇಂಥ ತಪ್ಪನ್ನು ಆ ಕಸುಬಿನವರು ಬಿಟ್ಟರೆ ಬೇರೆ ಯಾರೂ ಮಾಡಲಾರರು.

ಅವಳ ಕೋಡ್ ಒಂದು ಭಾಷೆಯಲ್ಲಿರುತ್ತದೆ, ಡೇಟಾಬೇಸಿನ ಜೊತೆ ಮಾತಾಡುವುದು ಇನ್ನೊಂದು ಭಾಷೆಯಲ್ಲಿ. ಆ ಎರಡನೇ ಭಾಷೆಯ ವಾಕ್ಯಗಳನ್ನು ಮೊದಲನೆಯದರೊಳಗೆ ಉದ್ಧರಣ ಚಿಹ್ನೆಗಳ ನಡುವೆ ಹಾಕಿಡುತ್ತಾರೆ. ಅದಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಹೊರಗಿನ ಭಾಷೆಗೆ ಒಳಗಿನದು ಏನೂ ತಿಳಿಯದು. ಅದರ ಪಾಲಿಗೆ ಅದು ಅಂಟಿಸಿದ ಲಕೋಟೆ, ಓದದೆ ದಾಟಿಸುತ್ತದೆ. ಮೊದಲೆಲ್ಲ ಎಡಿಟರ್ ಕೂಡ ಅದನ್ನು ಒಂದೇ ಹಸಿರು ಬಣ್ಣದಲ್ಲಿ ಸತ್ತ ಅಕ್ಷರದಂತೆ ತೋರಿಸುತ್ತಿತ್ತು. ಈಗಿನ ಎಡಿಟರ್‌ಗಳಿಗೆ ಜಾಣತನ ಬಂದಿದೆ. ಸ್ಟ್ರಿಂಗಿನ ಮೇಲೆ ಒಳಗಿರುವುದು ಇಂಥ ಭಾಷೆ ಎಂದು ಒಂದು ಸಾಲು ಬರೆದರೆ ಸಾಕು, ಒಳಗಿನ ವಾಕ್ಯ ಜೀವ ಬಂದಂತೆ ಬಣ್ಣಬಣ್ಣವಾಗುತ್ತದೆ. ತಪ್ಪಿದ್ದರೆ ಕೆಳಗೆ ಕೆಂಪು ಗೆರೆ ಬೀಳುತ್ತದೆ, ಅರ್ಧ ಹೆಸರು ಬರೆದರೆ ಉಳಿದರ್ಧ ತಾನೇ ತುಂಬುತ್ತದೆ. ಡೇಟಾಬೇಸಿಗೆ ಜೋಡಿಸಿಟ್ಟಿದ್ದರೆ ಆ ವಾಕ್ಯವನ್ನು ಕೂತಲ್ಲಿಂದಲೇ ನಡೆಸಿಯೂ ನೋಡಬಹುದು. ದೂಜಾಳಿಗೆ ಇದರ ಮೇಲೆ ಎಂಥ ಮೋಹವೆಂದರೆ, ಈ ಬಣ್ಣ ನಮ್ಮಜ್ಜಿಯ ಮಾತಿಗೂ ಬಂದಿದ್ದರೆ ನಾನು ಕಲಿತುಬಿಡುತ್ತಿದ್ದೆ ಎಂದು ಒಮ್ಮೆ ಮೇಷ್ಟ್ರ ಬಳಿ ಹೇಳಿಕೊಂಡಿದ್ದಳು.

ಎಡಿಟರನ್ನು ಜೋಡಿಸಬೇಕಾದದ್ದು ಡೇಟಾಬೇಸಿನ ನಕಲಿಗೆ. ಇವಳು ನಿಜವಾದದ್ದಕ್ಕೇ ಜೋಡಿಸಿದ್ದಳು. ನಕಲು ದಿನಾ ಹಳತಾಗುತ್ತದೆ ಎಂದು ನೆಪ ಹೇಳಿಕೊಂಡು, ಸೋಮಾರಿತನಕ್ಕೆ, ಅದನ್ನು ಮಾಡಿಯೇ ಇರಲಿಲ್ಲ. ಇನ್ನೊಂದು, ಒಂದು ಸಾಲು ಎಂಬತ್ತು ಅಕ್ಷರ ಮೀರಬಾರದು ಎಂದು ಅವಳ ಕಂಪನಿಯ ಕಟ್ಟುನಿಟ್ಟು. ಉದ್ದದ ಸ್ಟ್ರಿಂಗನ್ನು ಮುರಿದು ತುಂಡು ಮಾಡಿ ಕೂಡುಚಿಹ್ನೆಯಿಂದ ಪೋಣಿಸುವುದು ಅವಳ ಕೈಗೆ ಹತ್ತಿಹೋಗಿತ್ತು. ಹೊಸ ಪರದೆಯನ್ನು ಪರೀಕ್ಷಿಸಲು ಅವಳು ಏಳು ಸುಳ್ಳು ಮಾತುಗಳನ್ನು ಸೇರಿಸಿದ್ದಳು, ಅವನ್ನು ತೆಗೆಯಲು ವಾಕ್ಯ ಬರೆದಳು. ಮೊದಲ ತುಂಡು: ಮಾತುಗಳನ್ನು ಅಳಿಸು. ಎರಡನೇ ತುಂಡು: ಯಾವುದರ ಊರು ಪರೀಕ್ಷೆ ಎಂದಿದೆಯೋ ಅವನ್ನು ಮಾತ್ರ. ಎರಡರ ನಡುವೆ, ಹೀಗಿದ್ದರೆ ಮಾತ್ರ ಪೋಣಿಸು ಎಂಬ ಹೊರಗಿನ ಭಾಷೆಯ ಷರತ್ತೊಂದು ಸೇರಿಕೊಂಡಿದ್ದರಿಂದ ಎಡಿಟರ್‌ಗೆ ಎರಡನೆಯದು ಮೊದಲನೆಯದರ ಬಾಲವೆಂದು ತಿಳಿಯಲಿಲ್ಲ. ಮೊದಲ ತುಂಡಿಗೆ ಬಣ್ಣ ಬಂದಿತ್ತು, ಎರಡನೆಯದು ಹಸಿರಾಗಿಯೇ ಉಳಿದಿತ್ತು. ಕಣ್ಣೆದುರಿಗೇ ಇತ್ತು. ಇವಳು ಮೊದಲ ತುಂಡಿನ ಮೇಲೆ ಬೆರಳಿಟ್ಟು ನಡೆಸು ಎಂದಳು. ಇಂಥ ಹೊತ್ತಿನಲ್ಲಿ ಎಡಿಟರ್ ಒಂದು ಮಾತು ಕೇಳುತ್ತದೆ, ಎಲ್ಲವನ್ನೂ ಅಳಿಸಲೇ ಎಂದು. ಮಾತುಮಾತಿಗೂ ಕೇಳಿ ತಲೆ ತಿನ್ನುತ್ತದೆ ಎಂದು ಅವಳೇ ಚಳಿಗಾಲದಲ್ಲಿ, ಇನ್ನು ಕೇಳಬೇಡ ಎಂಬ ಚೌಕಕ್ಕೆ ಗುರುತು ಹಾಕಿದ್ದಳು. ಅದು ಕೇಳಲಿಲ್ಲ.

ಅವಳು ಫೋನ್ ಮಾಡಿದ್ದು ನಿಝಾರ್‌ಗೆ. ಸ್ಫಾಕ್ಸ್‌ನಲ್ಲಿ ಕೂತು ಅದೇ ಕಂಪನಿಯ ಸರ್ವರ್‌ಗಳನ್ನು ನೋಡಿಕೊಳ್ಳುವವನು, ಈ ಪಟ್ಟಿ ಕೂತಿದ್ದ ಇವಳ ಸರ್ವರನ್ನೂ ಸ್ನೇಹಕ್ಕೆ ನೋಡಿಕೊಡುತ್ತಿದ್ದ. ಸ್ಫಾಕ್ಸ್‌ನವರು ದುಡಿದು ಸಾಯುವವರು, ಜೆರ್ಬಾದವರು ದಿನಸಿ ಅಂಗಡಿಯಲ್ಲೇ ಹುಟ್ಟುವವರು ಎಂದು ಇಬ್ಬರೂ ಒಬ್ಬರನ್ನೊಬ್ಬರು ಕಿಚಾಯಿಸದ ದಿನವಿಲ್ಲ.

"ಬ್ಯಾಕಪ್ ಇದೆ ತಾನೆ?" ಎಂದ ನಿಝಾರ್.

"ಇದೆ. ದಿನಾ ಬೆಳಿಗ್ಗೆ ಮೇಲ್ ಬರುತ್ತೆ."

"ಮತ್ಯಾಕೆ ಸಾವಿನ ಮನೆಯಿಂದ ಮಾತಾಡೋಳ ಥರ ಮಾತಾಡ್ತಿದೀಯ? ಅಂಗಡಿ ಬಿಟ್ಟು ಕಂಪ್ಯೂಟರ್ ಹಿಡೀಬೇಡ ಅಂತ ನಿಮ್ಮ ಕುಲದೋರಿಗೆ ಎಷ್ಟು ಸಲ ಹೇಳ್ಬೇಕು. ತಡಿ, ತೆಗೀತೀನಿ."

ಅವನು ತೆಗೆದ. ಫೋನಿನಲ್ಲಿ ಅವನ ಕೀಲಿಮಣೆಯ ಸದ್ದು ಕೇಳಿತು, ಆಮೇಲೆ ಆ ಸದ್ದು ನಿಂತಿತು. ಅವನು ಮತ್ತೆ ಮಾತಾಡಿದಾಗ ತಮಾಷೆ ಇರಲಿಲ್ಲ.

"ದೂಜಾ, ಅರ್ಥಗಳ ಟೇಬಲ್ ಇದೆ. ಮಾತುಗಳದ್ದು ಇಲ್ಲ. ಯಾವ ದಿನದ್ರಲ್ಲೂ ಇಲ್ಲ."

ಹೇಗೆ ಇಲ್ಲ ಎಂಬುದು ತಿಳಿಯಲು ಹತ್ತು ನಿಮಿಷ ಸಾಕಾಯಿತು. ಮಾರ್ಚ್ ತಿಂಗಳಲ್ಲಿ ಅವಳು ಆ ಟೇಬಲಿನ ಹೆಸರು ಬದಲಿಸಿದ್ದಳು. ಎಡಿಟರ್‌ಗೆ ಒಂದು ಕಡೆ ಹೇಳಿದರೆ ಅದು ಎಲ್ಲ ಕಡೆ ಬದಲಿಸುತ್ತದೆ, ಗುರುತು ಹಾಕಿದ ಸ್ಟ್ರಿಂಗುಗಳ ಒಳಗೂ ಹೊಕ್ಕು ಬದಲಿಸುತ್ತದೆ. ಅರವತ್ತೊಂದು ಕಡೆ ಬದಲಿಸಿದೆ ಎಂದು ಅಂದು ಅದು ಲೆಕ್ಕ ಕೊಟ್ಟಾಗ ಇವಳು ಹಿಗ್ಗಿದ್ದಳು. ಅರವತ್ತೆರಡನೆಯದು ಸರ್ವರ್‌ನಲ್ಲಿ ಬೇರೆಯಾಗಿ ಕೂತಿದ್ದ ಬ್ಯಾಕಪ್ಪಿನ ಸಣ್ಣ ಫೈಲಿನಲ್ಲಿತ್ತು. ಅಲ್ಲೂ ಹೆಸರು ಸ್ಟ್ರಿಂಗಿನೊಳಗೇ ಇತ್ತು, ಮೇಲೆ ಗುರುತಿನ ಸಾಲು ಮಾತ್ರ ಇರಲಿಲ್ಲ, ಎಡಿಟರ್ ಆ ಫೈಲನ್ನು ಕಂಡೇ ಇರಲಿಲ್ಲ. ಅಂದಿನಿಂದ ಆ ಫೈಲು ದಿನಾ ಹಳೆಯ ಹೆಸರಿನ ಟೇಬಲನ್ನು ಹುಡುಕಿ, ಕಾಣದೆ, ಮುಂದಿನದಕ್ಕೆ ಹೋಗಿ, ಕೊನೆಗೆ ಮುಗಿಯಿತು ಎಂದು ಮೇಲ್ ಕಳಿಸುತ್ತಿತ್ತು. ಇವಳು ದಿನಾ ಅದನ್ನು ಓದದೆ ಅಳಿಸುತ್ತಿದ್ದಳು. ಹದಿನಾಲ್ಕು ದಿನಕ್ಕಿಂತ ಹಳೆಯ ಪ್ರತಿಗಳು ತಾವಾಗಿಯೇ ಹೋಗುತ್ತಿದ್ದವು. ಈಗ ಅಕ್ಟೋಬರ್.

ನಿಝಾರ್ ಕತ್ತಲಾಗುವ ತನಕ ಹುಡುಕಿದ. ಸರ್ವರ್ ಬಾಡಿಗೆಗೆ ಕೊಟ್ಟವರನ್ನು ಕೇಳಿದ, ಸರ್ವರಿನ ದಿನಚರಿಯಂಥ ಲಾಗ್‌ಗಳನ್ನು ಜಾಲಾಡಿದ, ಡಿಸ್ಕ್ ಕೆದಕಬಲ್ಲವನೊಬ್ಬನನ್ನು ಕರೆಸಿ ಕೂರಿಸಿದ. ಎಲ್ಲರದೂ ಒಂದೇ ಉತ್ತರ. ಕೊನೆಗೆ, ತಂಗೀ, ಇಲ್ಲಿಗೆ ಬಿಡು, ಊಟ ಮಾಡಿ ಮಲಗು ಎಂದ. ಅವನು ಅವಳನ್ನು ತಂಗಿ ಎಂದದ್ದು ಅದೇ ಮೊದಲು, ಅದರಿಂದಲೇ ಅವಳಿಗೆ ಎಲ್ಲ ಮುಗಿದಿದೆ ಎಂದು ಖಚಿತವಾಯಿತು.

ಬೇರೆ ದಿನವಾಗಿದ್ದರೆ ಮೇಷ್ಟ್ರಿಗೆ ಹೇಳಲು ಒಂದು ವಾರವಾದರೂ ತಡಮಾಡುತ್ತಿದ್ದಳೇನೋ. ಮನುಷ್ಯರು ಹಾಗೆಯೇ. ಆದರೆ ಮಾರನೆಯ ಶನಿವಾರಕ್ಕೆ ಗೊತ್ತುಮಾಡಿದ್ದೇ ಉಮ್ಮಿ ಮೆನ್ನಾನಾಳಿಗೆ ಪಟ್ಟಿಯನ್ನು ಓದಿ ಹೇಳುವುದೆಂದು. ಮೊದಲಿನಿಂದ ಕೊನೆವರೆಗೆ, ಎಷ್ಟು ದಿನ ಹಿಡಿದರೂ ಸರಿ. ತಪ್ಪಿದ್ದರೆ ಅವಳು ತಿದ್ದಬೇಕು, ಆಮೇಲೆ ಪುಸ್ತಕ. ತೊಂಬತ್ತೊಂದರ ಮುದುಕಿ, ಈ ಚಳಿಗಾಲ ದಾಟುತ್ತಾಳೋ ಇಲ್ಲವೋ ಎಂದು ಮೇಷ್ಟ್ರಿಗೆ ಒಳಗೊಳಗೇ ಅವಸರ.

ಬೆಳಿಗ್ಗೆ ಲುವಾಜ್ ಹತ್ತಿ ಗೆಲ್ಲಾಲಾಕ್ಕೆ ಹೋದಳು. ಎಂಟು ಜನ ಒತ್ತಿಕೊಂಡು ಕೂರುವ ಆ ಬಾಡಿಗೆ ಗಾಡಿಯಲ್ಲಿ ಯಾರೋ ಟೊಮ್ಯಾಟೊ ಬೆಲೆಯ ಬಗ್ಗೆ ಮಾತಾಡುತ್ತಿದ್ದರು. ಅವಳಿಗೆ ಅವರ ಮೇಲೆ ಸಿಟ್ಟು ಬಂತು, ಲೋಕ ಇನ್ನೂ ಟೊಮ್ಯಾಟೊ ಬಗ್ಗೆ ಮಾತಾಡುತ್ತಿದೆಯಲ್ಲ ಎಂದು. ಸಿ ಸ್ಲಿಮಾನ್ ಒಗೆದ ಬಿಳಿ ಜುಬ್ಬಾ ತೊಟ್ಟು, ಗಡ್ಡ ಕತ್ತರಿಸಿಕೊಂಡು, ಅಂಗಳದ ಕಟ್ಟೆಯ ಮೇಲೆ ಮದುವೆಗೆ ಹೊರಟವರಂತೆ ಕೂತಿದ್ದರು. ಅವರನ್ನು ಆ ಬಟ್ಟೆಯಲ್ಲಿ ನೋಡಿದ ಮೇಲೆ ದೂಜಾ ಕೂರಲಿಲ್ಲ. ನಿಂತೇ ಹೇಳಿದಳು. ಸುತ್ತುಬಳಸಲಿಲ್ಲ, ಎಡಿಟರ್ ಮೇಲೆ ಹಾಕಲಿಲ್ಲ. ನಾನು ಅಳಿಸಿದೆ, ಪ್ರತಿ ಇಲ್ಲ, ಅದೂ ನನ್ನ ತಪ್ಪೇ ಎಂದಳು.

ಮೇಷ್ಟ್ರಿಗೆ ಮೊದಲು ತಲೆಗೆ ಹೋಗಲಿಲ್ಲ. ಇಲ್ಲಿ ಇಲ್ಲದಿದ್ದರೆ ಅಲ್ಲಿರುತ್ತೆ, ನೀನು ಬುದ್ಧಿವಂತೆ, ತರ್ತೀಯ ಎಂದರು. ಅವಳು ಇಲ್ಲ ಎಂದಳು. ಇನ್ನೊಂದು ದಾರಿ ಕೇಳಿದರು. ಅದಕ್ಕೂ ಇಲ್ಲ. ಹೀಗೆ ಐದಾರು ಇಲ್ಲಗಳಾದ ಮೇಲೆ ಅವರು ಜುಬ್ಬಾದ ತೋಳನ್ನು ಸರಿಮಾಡಿಕೊಂಡು ಕೇಳಿದರು:

"ಏನೇನು ಉಳಿದಿದೆ?"

"ಅರ್ಥಗಳೆಲ್ಲಾ ಇವೆ ಸಿ ಸ್ಲಿಮಾನ್. ಅರಬ್ಬೀಲಿ ನೀವು ಬರೆದಿದ್ದು, ಒಂದೂ ಹೋಗಿಲ್ಲ. ಅದರ ಎದುರು ಇದ್ದ ಮಾತು ಇಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಒಳಗೆ ಹೋಗಿ ಹಳೆಯ ನಾಲ್ಕು ನೋಟುಬುಕ್ಕುಗಳನ್ನು ತಂದರು. ಅವುಗಳಲ್ಲಿ ಮುನ್ನೂರ ತೊಂಬತ್ತು ಮಾತುಗಳಿದ್ದವು, ಹೆಚ್ಚಾಗಿ ಮೊದಮೊದಲ ವರ್ಷಗಳ ಸುಲಭದವು: ನೀರು, ಕಲ್ಲು, ಕತ್ತೆ, ಅತ್ತೆ. ಇಂಥವು ಯಾರ ಬಾಯಲ್ಲಾದರೂ ಸಿಗುತ್ತಿದ್ದವು. ಹೋದದ್ದು ಉಳಿದ ಸುಮಾರು ಎರಡು ಸಾವಿರ. ಪಳಗಿದ ಕಿವಿಯಿಂದ, ಹೆಂಗಸರ ವಿಶ್ವಾಸ ಗಳಿಸಿದ ಮೇಲೆ, ಕೊನೆಯ ಆರು ವರ್ಷಗಳಲ್ಲಿ ಹೆಕ್ಕಿದ ಒಳಮನೆಯ ಮಾತುಗಳು.

"ಕೂತ್ಕೋ," ಎಂದರು ಮೇಷ್ಟ್ರು. "ತಲೇಲಿದೆ ನಂಗೆ. ನೀನು ಅರ್ಥ ಓದ್ತಾ ಹೋಗು, ನಾನು ಹೇಳ್ತೀನಿ. ನಿನ್ನ ಕೈ ನಡುಗಲ್ವಲ್ಲ, ಬರ್ಕೋ. ಈ ಸಲ ಕಾಗದದ ಮೇಲೆ."

ಅವಳು ಓದಿದಳು. ಸಮುದ್ರಕ್ಕಿಳಿಸಿದ ಮಡಕೆಯೊಳಗೆ ಆಕ್ಟೋಪಸ್ ಕೂತಾಗ ಹಗ್ಗಕ್ಕೆ ಬರುವ ತೂಕ. ಮೇಷ್ಟ್ರು ಹೇಳಿದರು. ಮಗ್ಗದಿಂದ ಬಟ್ಟೆ ಕತ್ತರಿಸುವ ಮುನ್ನ ಚಿಮುಕಿಸುವ ನೀರು. ಹೇಳಿದರು. ತೊಟ್ಟಿ ಬತ್ತುವ ಮುಂಚಿನ ಕೊನೆಯ ಕೊಡ. ಅದನ್ನೂ ಹೇಳಿದರು, ಜೊತೆಗೆ ಅದನ್ನು ಕೊಟ್ಟ ಮುದುಕಿಯ ಹೆಸರನ್ನೂ, ಅವಳು ಅಂದು ಬೈದದ್ದನ್ನೂ ಹೇಳಿ ನಕ್ಕರು. ದೂಜಾಳ ಎದೆಯಲ್ಲಿ ಸಣ್ಣದೊಂದು ಆಸೆ ಚಿಗುರಿತು. ಐವತ್ತು ಮಾತುಗಳವರೆಗೆ ಅದು ಬೆಳೆಯುತ್ತಲೇ ಹೋಯಿತು.

ಆಮೇಲೆ ತಡವರಿಕೆ ಶುರುವಾಯಿತು. ಅತ್ತು ಅತ್ತು ನಿದ್ದೆ ಹೋದ ಮಗುವಿನ ಬಿಕ್ಕು ಎಂದು ಅವಳು ಓದಿದಾಗ ಮೇಷ್ಟ್ರು ಕಣ್ಣು ಮುಚ್ಚಿ, ಬಾಯಲ್ಲೇ ಏನೋ ಮೆದ್ದು, ಒಂದು ಮಾತು ಹೇಳಿದರು. ಅವಳು ಬರೆದುಕೊಂಡಳು. ಗಂಡ ರಾಜಧಾನಿ ತುನಿಸ್‌ನ ಅಂಗಡಿಯಿಂದ ಊರಿಗೆ ಬರುವ ವಾರದಲ್ಲಿ ಹೆಂಡತಿಗೆ ಹತ್ತುವ ಅವಸರ ಎಂದು ಓದಿದಾಗ ಅವರು ಹೇಳಿದ್ದೂ ಅದೇ ಮಾತು. ಅವಳು ಮುಂದಿನ ಸಾಲಿಗೆ ಹೋದಳು. ಇನ್ನು ಹತ್ತು ಸಾಲಿನ ಮೇಲೆ ಮತ್ತೆ ಅದೇ ಬಂತು. ಇನ್ನೂ ಸ್ವಲ್ಪ ಹೊತ್ತಿಗೆ ಅವರು ಹೇಳಿದ ಮಾತನ್ನು ಬರೆದುಕೊಳ್ಳಲು ಹೋದ ಅವಳ ಪೆನ್ನು ನಿಂತಿತು. ಅದು ಅರಬ್ಬಿ. ಪೇಟೆಯಲ್ಲಿ ಎಲ್ಲರೂ ಆಡುವ ಮಾಮೂಲಿ ಅರಬ್ಬಿ. ಅವಳು ಅದನ್ನೂ ಬರೆದಳು, ತಲೆ ಎತ್ತಲಿಲ್ಲ.

ಆದರೆ ಮೇಷ್ಟ್ರು ಮೇಷ್ಟ್ರೇ. ಪೆನ್ನು ನಿಂತದ್ದನ್ನು ನೋಡಿದರು.

"ಅರಬ್ಬಿ ಹೇಳ್ದೆ ಅಲ್ವಾ?"

"ಹೂಂ."

"ಅದಕ್ಕೆ ಮುಂಚೆ?"

"ಒಂದೇ ಮಾತನ್ನ ಮೂರು ಸಲ ಹೇಳಿದ್ರಿ."

ಸಿ ಸ್ಲಿಮಾನ್ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತರು. ಅವರು ಅಳಲಿಲ್ಲ. ಇಪ್ಪತ್ತಾರು ವರ್ಷ ಆ ಮಾತುಗಳ ನಡುವೆಯೇ ಬದುಕಿದ್ದೇನೆ, ಅವೆಲ್ಲ ನನ್ನೊಳಗಿವೆ ಎಂದುಕೊಂಡಿದ್ದ ಮನುಷ್ಯ. ಅವು ತಮ್ಮೊಳಗೆ ಇರಲಿಲ್ಲ, ಪಟ್ಟಿಯಲ್ಲಷ್ಟೇ ಇದ್ದವು ಎಂದು ಅವರಿಗೆ ಆ ಬೆಳಿಗ್ಗೆ ತಿಳಿಯಿತು. ಅದನ್ನು ನೋಡುವ ಶಿಕ್ಷೆ ದೂಜಾಳಿಗಾಯಿತು. ಅಳಿಸಿದ್ದಕ್ಕಿಂತ ಇದು ದೊಡ್ಡ ಪಾಪವೆನಿಸಿತು ಅವಳಿಗೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಕಡೆಗೆ ಅವರೇ ಎದ್ದರು. ಮೆನ್ನಾನಾ ಕಾಯ್ತಿರ್ತಾಳೆ ಎಂದರು. ಅವಳ ಹತ್ತಿರ ಎಲ್ಲಾ ಇದೆ, ಅವಳಿಂದಲೇ ತಾನೆ ಅರ್ಧಕ್ಕರ್ಧ ಬಂದದ್ದು, ಇನ್ನೊಂದು ಸಲ ಕೇಳಿದರಾಯಿತು. ಹೇಳುವಾಗ ದನಿಯಲ್ಲಿ ಮತ್ತೆ ಒಂದಿಷ್ಟು ಕಸುವು ಬಂದಿತ್ತು. ದಾರಿಯಲ್ಲಿ ಅವರು ದೂಜಾಳಿಗೆ, ಹೋಗಿದೆ ಅಂತ ಅವಳಿಗೆ ಹೇಳಬೇಡ, ಸರಿನೋಡೋಕೆ ಬಂದಿದೀವಿ ಅಂದರೆ ಸಾಕು ಎಂದು ಹೇಳಿಕೊಟ್ಟರು. ಜೀವನದಲ್ಲಿ ಅವರು ಹೇಳಿಕೊಟ್ಟ ಮೊದಲ ಸುಳ್ಳು ಅದೇ ಇರಬೇಕು.

ಉಮ್ಮಿ ಮೆನ್ನಾನಾ ಅಂಗಳದ ಬಿಸಿಲಿನಲ್ಲಿ ಕುರಿಚರ್ಮದ ಮೇಲೆ ಕೂತಿದ್ದಳು. ಕಣ್ಣು ಮಂಜು, ಕಿವಿ ಚುರುಕು. ಗಂಡ ಕುಂಬಾರ, ಸತ್ತು ಎಷ್ಟೋ ವರ್ಷ. ಮಡಕೆ ಸುಡುವ ಆವಿಗೆ ಮುಚ್ಚಿದೆ, ಮಗ್ಗವನ್ನು ಸೊಸೆ ಬಿಚ್ಚಿ ಅಟ್ಟಕ್ಕೆ ಹಾಕಿದ್ದಾಳೆ. ಮೇಷ್ಟ್ರ ಹೆಜ್ಜೆಯ ಸದ್ದು ಕೇಳಿದ್ದೇ ಅವಳು ಆ ಮಾತಿನಲ್ಲಿ ಏನೋ ಉದ್ದಕ್ಕೆ ಹೇಳಿ ನಕ್ಕಳು. ತಡವಾಗಿ ಬಂದದ್ದಕ್ಕೆ ಛೇಡಿಸ್ತಿದಾಳೆ, ಶಾಲೆ ಬಿಟ್ಟ ಮೇಲೆ ಗಂಟೆ ಬಾರಿಸೋಕೆ ಬಂದ್ಯಾ ಅಂತಿದಾಳೆ ಎಂದು ಮೇಷ್ಟ್ರು ದೂಜಾಳಿಗೆ ಬಿಡಿಸಿ ಹೇಳಿದರು. ಅಲ್ಲಿಂದ ಮುಂದೆ ಅವಳು ಆಡಿದ್ದನ್ನೆಲ್ಲ ಹಾಗೆಯೇ ಅವರು ಬಿಡಿಸಿ ಹೇಳಬೇಕಾಯಿತು. ಆ ಉದ್ದದ ಮಾತಿನಲ್ಲೇ ಕಳೆದುಹೋದವು ಎಷ್ಟೋ ಇದ್ದಿರಬಹುದು. ದೂಜಾಳಿಗೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯಲಿಲ್ಲ.

ಮೇಷ್ಟ್ರು ಕೇಳಲು ಶುರುಮಾಡಿದರು. ಮಗುವಿನ ಬಿಕ್ಕಿಗೆ ಏನು ಹೇಳಿದ್ದೆ ಮೆನ್ನಾನಾ? ಮುದುಕಿ ತಲೆ ಒಂದು ಪಕ್ಕಕ್ಕೆ ವಾಲಿಸಿ ಯೋಚಿಸಿದಳು. ಗೊತ್ತಿಲ್ಲ ಎಂಬಂತೆ ಕೈ ಆಡಿಸಿದಳು. ಉಣ್ಣೆ ತೊಳೆದ ನೀರಿನ ಮೇಲೆ ಕಟ್ಟುವ ಜಿಡ್ಡಿಗೆ? ಅದು ಬಂತು, ದೂಜಾ ಬರೆದುಕೊಂಡಳು. ಮೊದಲ ಹೆರಿಗೆಯ ಹೆಣ್ಣಿಗೆ ಕೊಡುವ ಗಂಜಿಯ ತಳ ಹಿಡಿದ ಪದರಕ್ಕೆ? ಕೈ ಆಡಿತು. ಹೀಗೆ ಅರ್ಧ ಗಂಟೆಯಲ್ಲಿ ಒಂಬತ್ತು ಮಾತು ಬಂದವು, ಉಳಿದದ್ದಕ್ಕೆಲ್ಲ ಕೈ ಆಡಿತು. ಮೇಷ್ಟ್ರು ಬೆವರಿದ್ದರು. ಸ್ವಲ್ಪ ನೆನಪು ಮಾಡ್ಕೋ ಎಂದು ಅವರು ಮತ್ತೆ ಮತ್ತೆ ಒತ್ತಾಯ ಮಾಡಿದಾಗ ಮುದುಕಿಗೆ ಬೇಜಾರಾಯಿತು. ಅವಳು ಹೇಳಿದ್ದನ್ನು ಮೇಷ್ಟ್ರು ತಕ್ಷಣ ಬಿಡಿಸಿ ಹೇಳಲಿಲ್ಲ. ದೂಜಾ ಕೇಳಿದ ಮೇಲೆ ನೆಲ ನೋಡುತ್ತ ಹೇಳಿದರು.

"'ನಿಂಗೆ ಕೊಟ್ಟೆನಲ್ಲಪ್ಪಾ' ಅಂತಿದಾಳೆ. 'ನೀನು ಬರ್ಕೊಂಡೆ. ಇನ್ನು ಅದು ಇರುತ್ತೆ ಅಂತ ನಾನು ಕೈಬಿಟ್ಟೆ. ಮನೇಲಿ ನನ್ನ ಹತ್ರ ಈ ಮಾತಾಡೋರು ಯಾರಿದಾರೆ, ಇಟ್ಕೊಂಡು ಏನು ಮಾಡಲಿ.'"

ಸೊಸೆ ಚಹಾ ತಂದಿಟ್ಟು ಹೋದಳು. ಮುದುಕಿ ಮೇಷ್ಟ್ರ ತೊಡೆಯ ಮೇಲೆ ತಟ್ಟಿ ಇನ್ನೇನೋ ಹೇಳಿದಳು, ಈ ಸಲ ಸಮಾಧಾನದ ದನಿಯಲ್ಲಿ. ಅದನ್ನೂ ಮೇಷ್ಟ್ರು ಬಿಡಿಸಿ ಹೇಳಿದರು: ಬರ್ಕೊಂಡಿದ್ದನ್ನ ನೀನೇ ಓದು, ಕಿವಿಗೆ ಬಿದ್ರೆ ನಂಗೆ ನೆನಪಾಗುತ್ತೆ ಅಂತಿದಾಳೆ. ಓದು ಅಂತಿದಾಳೆ.

ಇಬ್ಬರೂ ದೂಜಾಳ ಕಡೆ ತಿರುಗಿದರು. ಮಂಜು ಕಣ್ಣಾದರೂ ಮುದುಕಿ ಅವಳ ಮುಖದ ಕಡೆಗೇ ನೋಡುತ್ತಿದ್ದಳು, ಮಕ್ಕಳು ಕಥೆ ಹೇಳುವವರನ್ನು ನೋಡುವ ಹಾಗೆ. ಲ್ಯಾಪ್‌ಟಾಪು ದೂಜಾಳ ಮಡಿಲಲ್ಲಿ ತೆರೆದಿತ್ತು. ಬಲಗಡೆ ಅರ್ಥಗಳು ಒಂದರ ಕೆಳಗೊಂದು ಸಾಲಾಗಿದ್ದವು, ಎಡಗಡೆ ಬರಿದು. ಮೇಷ್ಟ್ರು ಕಣ್ಣಿನಲ್ಲೇ ಬೇಡ ಎಂದರು. ಅವಳಿಂದ ಆಗಲಿಲ್ಲ.

"ಇಲ್ಲ ಉಮ್ಮಿ," ಎಂದಳು ದೂಜಾ, ತನಗೆ ಬರುವ ಒಂದೇ ಮಾತಾದ ಅರಬ್ಬಿಯಲ್ಲಿ. "ಬರೆದಿದ್ದೆಲ್ಲಾ ಹೋಯ್ತು. ನನ್ನ ಕೈಯಿಂದಲೇ ಹೋಯ್ತು. ಓದೋಕೆ ಏನೂ ಇಲ್ಲ."

ಮುದುಕಿ ಮೇಷ್ಟ್ರ ಕಡೆ ತಿರುಗಿ ಒಂದೇ ಪದದಲ್ಲಿ ಏನೋ ಕೇಳಿದಳು. ಎಲ್ಲಾನಾ ಎಂದು ಕೇಳಿರಬೇಕು. ಮೇಷ್ಟ್ರು ತಲೆಯಾಡಿಸಿದರು. ಅವಳಿಗೆ ಅದು ಕಂಡಿತೋ ಇಲ್ಲವೋ ಎಂದು ಬಾಯಲ್ಲೂ ಹೇಳಿದರು.

ಉಮ್ಮಿ ಮೆನ್ನಾನಾ ಕುರಿಚರ್ಮದ ಅಂಚಿನ ಕೂದಲನ್ನು ಬೆರಳಲ್ಲಿ ಬಿಡಿಸುತ್ತ ಕೂತಿದ್ದಳು. ಬೈಯುತ್ತಾಳೆ, ಶಪಿಸುತ್ತಾಳೆ ಎಂದು ದೂಜಾ ಕಾದಳು. ಮುದುಕಿ ಕೊನೆಗೆ ಮುಖ ಎತ್ತಿದಳು. ದೂರದಿಂದ ಬಂದ ಅಪರಿಚಿತರನ್ನು ಮಾತಾಡಿಸುವ ಮರ್ಯಾದೆಯಲ್ಲಿ, ಅಂದು ಅಲ್ಲಿಯವರೆಗೆ ಬಾಯಿಗೇ ತಾರದಿದ್ದ ಸ್ಪಷ್ಟವಾದ ಅರಬ್ಬಿಯಲ್ಲಿ, ಊಟ ಆಗಿದೆಯಾ, ಇಲ್ಲದಿದ್ದರೆ ಸೊಸೆ ಅನ್ನ ಬೇಯಿಸಿದ್ದಾಳೆ, ಉಂಡು ಹೋಗಿ ಎಂದಳು. ಮೇಷ್ಟ್ರು ಗಾಬರಿಯಿಂದ ತಮ್ಮಿಬ್ಬರ ಮಾತಿನಲ್ಲೇ ಏನೋ ಹೇಳಿದರು, ಅವಳ ಕೈ ಹಿಡಿದುಕೊಂಡು ಮತ್ತೊಮ್ಮೆ ಹೇಳಿದರು. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಅದಕ್ಕೂ ಅವಳು ಉತ್ತರ ಕೊಟ್ಟದ್ದು ಅರಬ್ಬಿಯಲ್ಲೇ.